ಅಂಗಾಲು ನೋಡಿ ಊರ ಹೊರಗೆ ಹಾಕಿದವರಿಗೆ

ರೋಗನಿವಾರಣೆಯ ವಿಶೇಷಾಧಿಕಾರಿಗಳೂ, ಅಂಗಾಲು ನೋಡಿ ಮನುಷ್ಯರ ಊರು ಹೇಳಬಲ್ಲ ಮಹಾಜ್ಞಾನಿಗಳೂ ಆದ ಮಾನ್ಯರೇ,

ನನ್ನ ಅಕ್ಕ ಚೆನ್ನಬಸಮ್ಮನನ್ನು ಜೀವ ಇರುವಾಗಲೇ ನೀವು ಗಾಡಿಗೆ ಹಾಕಿಸಿ ಸಂಡೂರಿನ ಗಡಿಗೆ ಒಗೆಸಿದಿರಿ. ಆಕೆ ಅಲ್ಲೇ ಸತ್ತಳು. ಸತ್ತ ಮೇಲಾದರೂ ಆಕೆಯನ್ನು ಹೊಸಪೇಟೆಗೆ ತರುತ್ತೇನೆಂದು ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದರೆ, ಆಕೆ ಈ ಊರಿನವಳೇ ಅಲ್ಲ ಎಂದು ಹೇಳಿ ನನ್ನನ್ನು ಇಳಿಸಿ ಕಳಿಸಿದಿರಿ. ನನ್ನ ದೂರು ಇಷ್ಟೇ. ಇದನ್ನು ಲಕೋಟೆಯಲ್ಲಿ ಮುಚ್ಚಿ ಕಳಿಸಿದ್ದರೆ ನಿಮ್ಮ ಜವಾನ ಒಲೆ ಹೊತ್ತಿಸಲು ಬಳಸುತ್ತಿದ್ದ. ಆದ್ದರಿಂದ ಊರೆಲ್ಲ ಓದಲಿ ಎಂದು ಬಯಲಿಗಿಟ್ಟು ಬರೆಯುತ್ತಿದ್ದೇನೆ. ಓದಲು ಬಾರದವರಿಗೆ ಓದಿ ಹೇಳುವವರು ಹೊಸಪೇಟೆಯಲ್ಲೂ ಇದ್ದಾರೆ, ಕಂಪ್ಲಿಯಲ್ಲೂ ಇದ್ದಾರೆ.

ನನಗೆ ನ್ಯಾಯ ಕೊಡಿಸಿ ಎಂದು ಕೇಳುವವನಲ್ಲ ನಾನು. ನ್ಯಾಯವೆಂಬುದು ದೊಡ್ಡ ಮಾತು, ಅದನ್ನು ದೊಡ್ಡವರ ಬಂಗ್ಲೆಗಳಲ್ಲಿ ಗಾದಿಯ ಮೇಲೆ ಕೂರಿಸಿರುತ್ತಾರೆ. ನನಗೆ ಬೇಕಾದದ್ದು ಸೇಡು. ಮುಚ್ಚುಮರೆ ಯಾಕೆ? ಆರು ತಿಂಗಳಿಂದ ಉಂಡ ಅನ್ನ ಮೈಗೆ ಹತ್ತುತ್ತಿಲ್ಲ, ಅಂಗಡಿಯಲ್ಲಿ ಅಕ್ಕಿ ಅಳೆಯುವಾಗ ಲೆಕ್ಕ ತಪ್ಪುತ್ತದೆ, ನಿಮ್ಮ ಬೂಟಿನ ಸಪ್ಪಳ ಕಿವಿಯಲ್ಲೇ ಇದೆ. ಬರುವ ಯುಗಾದಿ ಕಳೆದ ಮೇಲೆ ಊರಿನ ನಾಲ್ಕು ದೊಡ್ಡ ಮನುಷ್ಯರು ಸೇರಿ, ಜ್ವರ ಓಡಿಸಿದ ಪುಣ್ಯಾತ್ಮರೆಂದು ನಿಮಗೆ ಶಾಲು ಹೊದಿಸುತ್ತಾರೆಂದು ಕೇಳಿದೆ. ಹೊದಿಸಲಿ. ಅದಕ್ಕೆ ಮೊದಲು ನೀವು ಓಡಿಸಿದ್ದು ಏನನ್ನು, ಯಾರನ್ನು, ಎಲ್ಲಿಗೆ ಎಂಬುದನ್ನು ಶಾಲು ನೇಯ್ದವನೂ ತಿಳಿದುಕೊಳ್ಳಲಿ.

ಒಂದು ಮಾತು ಮೊದಲೇ ಒಪ್ಪಿಬಿಡುತ್ತೇನೆ. ಈ ಜ್ವರವನ್ನು ಹುಟ್ಟಿಸಿದವರು ನೀವಲ್ಲ. ದೊರೆಗಳ ಯುದ್ಧ ಮುಗಿಯುವ ಹೊತ್ತಿಗೆ ಎಲ್ಲಿಯೋ ಹುಟ್ಟಿ, ಹಡಗು ಹತ್ತಿ ಬೊಂಬಾಯಿಗೆ ಇಳಿದು, ಅಲ್ಲಿಂದ ರೈಲು ಹಿಡಿದು ನಮ್ಮ ಹೊಸಪೇಟೆ ಟೇಶನ್ನಿಗೆ ಬಂತೆಂದು ಪತ್ರಿಕೆಗಳು ಬರೆದವು. ವಿಲಾಯಿತಿಯಲ್ಲೂ ಸತ್ತರಂತೆ, ಅಮೆರಿಕೆಯಲ್ಲೂ ಸತ್ತರಂತೆ, ಮೂಗಿಗೆ ಬಟ್ಟೆ ಕಟ್ಟಿಕೊಂಡ ಬಿಳಿಯರೂ ಬೀದಿಯಲ್ಲೇ ಕುಸಿದರಂತೆ. ನಮ್ಮಲ್ಲಿ ಮುಂಜಾನೆ ಮೈಕೈ ನೋವು ಅಂದವರ ತುಟಿ ಮರುದಿನಕ್ಕೆ ನೀಲಿಗಟ್ಟುತ್ತಿತ್ತು, ಮೂಗಿನಿಂದ ರಕ್ತ ಇಳಿಯುತ್ತಿತ್ತು, ಆಮೇಲೆ ಉಸಿರು ಸಿಗುತ್ತಿರಲಿಲ್ಲ. ಮುದುಕರನ್ನು ಬಿಟ್ಟು ದುಡಿಯುವವರನ್ನೇ ಆರಿಸಿ ಆರಿಸಿ ಒಯ್ದಿತು ಹಾಳು ಜ್ವರ. ಎಮ್ಮಿಗನೂರಿನ ಗದ್ದೆಗಳಲ್ಲಿ ಭತ್ತ ಬಾಗಿ ನೆಲಕ್ಕೆ ಉದುರಿತು, ಕೊಯ್ಯುವ ಕೈಗಳಿರಲಿಲ್ಲ. ಕಂಪ್ಲಿಯ ಹೊಳೆದಂಡೆಯಲ್ಲಿ ಸುಡಲು ಕಟ್ಟಿಗೆ ಸಾಲದೆ ಹರಿಗೋಲಿನ ಬಿದಿರು ಮುರಿದು ಹಾಕಿದರು. ಹೆಣ ಹೊರಲು ಹೋದವನು ಮರುದಿನ ತಾನೇ ಹೊರಿಸಿಕೊಂಡ. ನಾನೂ ಕಂಪ್ಲಿಯಲ್ಲಿ ಹಾಸಿಗೆ ಹಿಡಿದಿದ್ದೆ, ಬದುಕಿದ್ದು ಯಾಕೆಂದು ವೈದ್ಯನಿಗೂ ತಿಳಿಯದು. ಈಗ ತಿಳಿಯಿತು ಅನ್ನಿಸುತ್ತದೆ, ನಿಮಗೆ ಈ ಕಾಗದ ಬರೆಯುವುದಕ್ಕೆ.

ಇಷ್ಟು ದೊಡ್ಡ ಸಾವಿಗೆ ಒಬ್ಬ ಅಧಿಕಾರಿಯನ್ನು ಹೊಣೆ ಮಾಡುವಷ್ಟು ಹುಚ್ಚು ನನಗೆ ಹಿಡಿದಿಲ್ಲ. ನಾನು ಕೇಳುತ್ತಿರುವುದು ಒಂದೇ ಸಾವಿನ ಲೆಕ್ಕ. ಅದು ಜ್ವರದ ಖಾತೆಗೆ ಸೇರಿದ್ದಲ್ಲ, ನಿಮ್ಮದು.

ನನ್ನ ಅಕ್ಕ ಯಾರೆಂದು ಟೇಶನ್ನಿನ ಗೂಡ್ಸ್ ಷೆಡ್ಡಿನ ನಾಯಿಗಳಿಗೂ ಗೊತ್ತಿತ್ತು, ನಿಮಗೊಬ್ಬರಿಗೆ ಗೊತ್ತಿರಲಿಲ್ಲ. ಹುಟ್ಟಿದ್ದು ಹೊಸಪೇಟೆ, ಕೊಟ್ಟದ್ದು ಹೊಸಪೇಟೆ. ಭಾವ ಪ್ಲೇಗಿನ ವರ್ಷ ಹೋದರು. ಮಕ್ಕಳಿಲ್ಲ. ನಮ್ಮವ್ವ ಸತ್ತಾಗ ನಾನು ಅಂಬೆಗಾಲಿಡುತ್ತಿದ್ದೆನಂತೆ, ಸಾಕಿದವಳು ಈಕೆಯೇ. ಷೆಡ್ಡಿನ ಎದುರು ತಗಡು ಹೊದಿಸಿ ರೊಟ್ಟಿ ಅಂಗಡಿ ಇಟ್ಟಿದ್ದಳು. ಸಂಡೂರಿನ ಗುಡ್ಡಗಳಿಂದ ಗಾಡಿಗಳು ಅದಿರು ತಂದು ಅಲ್ಲೇ ಸುರಿಯುತ್ತಿದ್ದವು, ಹೊತ್ತು ಇಳಿಸುವ ಕೂಲಿಯವರು ಆಕೆಯ ಅಂಗಡಿಯಲ್ಲೇ ಉಣ್ಣುತ್ತಿದ್ದರು. ಬಾಯಿ ಮಾತ್ರ ಬೆಂಕಿ. "ಏನ್ಲೇ, ಗುಡ್ಡ ಅಗಿಯಾಕ ಬರ್ತೈತಿ, ಕೈ ತೊಳಿಯಾಕ ಬರೂದಿಲ್ಲೇನು?" ಎಂದು ಬೈದು ರೊಟ್ಟಿಯ ಮೇಲೆ ಇನ್ನೊಂದು ರೊಟ್ಟಿ ಹಾಕುವ ಹೆಂಗಸು. ನಾನು ಕಂಪ್ಲಿಯಿಂದ ಬಂದಾಗಲೆಲ್ಲ, "ಬಂದ್ಯಾ ಸಾವ್ಕಾರಾ, ಕುಂದ್ರು, ನಿನ್ನ ಕಂಪ್ಲಿ ಅಕ್ಕಿಗಿಂತ ನನ್ನ ಜ್ವಾಳ ಭಾಳ ಚಲೋ" ಎಂದು ಕಾಡುತ್ತಿದ್ದಳು.

ಆ ಟೇಶನ್ನಿನ ಅಂಗಳ ನೋಡಿದ್ದೀರಾ? ಬೂಟು ಹಾಕಿ ಮೋಟಾರಿನಿಂದ ನೇರ ರೈಲಿಗೆ ಹತ್ತುವವರಿಗೆ ಕಂಡಿರಲಾರದು. ಅದಿರಿನ ಮಣ್ಣು ಬಿದ್ದು ಬಿದ್ದು ಅದು ಕೆಂಪು ನೆಲವೇ ಆಗಿದೆ. ಅಲ್ಲಿ ಬರಿಗಾಲಲ್ಲಿ ಓಡಾಡಿದವರ ಅಂಗಾಲಿನ ಬಿರುಕಿಗೆ ಆ ಕೆಂಪು ಹೊಕ್ಕರೆ ಸೀಗೆಕಾಯಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ನನ್ನ ಅಕ್ಕ ಎಷ್ಟೋ ವರ್ಷ ಅಲ್ಲೇ ನಿಂತು ರೊಟ್ಟಿ ಬಡಿದವಳು. ಹಬ್ಬಕ್ಕೆ ಕಾಲಿಗೆ ಅರಿಶಿನ ಹಚ್ಚಿಸಿಕೊಳ್ಳುವ ಮುತ್ತೈದೆಯರನ್ನು ನೋಡಿ, "ನಂದು ವರ್ಷ ಪೂರ್ತಿ ಹಬ್ಬ ನೋಡವ್ವಾ" ಎಂದು ತನ್ನ ಅಂಗಾಲು ಎತ್ತಿ ತೋರಿಸಿ ನಗುತ್ತಿದ್ದಳು.

ಜ್ವರ ಬಂತು. ಗುಡ್ಡದ ಕೂಲಿಗಳು ಊರಿಗೆ ಹೋಗಲಾರದೆ ಷೆಡ್ಡಿನಲ್ಲೇ ಸಾಲಾಗಿ ಮಲಗಿದರು. ನಿಮ್ಮ ಔಷಧದ ಪೆಟ್ಟಿಗೆ ಬಜಾರದ ದೊಡ್ಡ ಮನೆಗಳ ಬಾಗಿಲು ದಾಟಿ ಆಚೆ ಬರಲಿಲ್ಲ. ಅಕ್ಕ ಅಂಗಡಿಯ ಒಲೆ ಆರಿಸಲಿಲ್ಲ. ಗಂಜಿ ಕಾಯಿಸಿ, ಶುಂಠಿ ಕುದಿಸಿ, ಒಬ್ಬೊಬ್ಬರ ತಲೆ ಎತ್ತಿ ಹಿಡಿದು ಕುಡಿಸಿದಳು. ಕಡೆಗೆ ಆಕೆಗೂ ಮೈ ಸುಡತೊಡಗಿ ಅವರ ಸಾಲಿನ ತುದಿಯಲ್ಲೇ ಮಲಗಿದಳು. ಅದೇ ಹೊತ್ತಿಗೆ ನಿಮ್ಮ ಮೇಲಿನ ಸಾಹೇಬರು ತನಿಖೆಗೆ ರೈಲಿನಲ್ಲಿ ಬರುತ್ತಾರೆಂದು ತಂತಿ ಬಂತು. ಷೆಡ್ಡು ಖಾಲಿಯಾಗಬೇಕಾಯಿತು.

ಆಗ ನಿಮ್ಮ ಬುದ್ಧಿ ಹೊಳೆಯಿತು. ಊರವರನ್ನು ಊರಲ್ಲೇ ಬಿಡಬೇಕು, ಗುಡ್ಡದವರನ್ನು ಸಂಡೂರು ಸಂಸ್ಥಾನದ ಗಡಿಗೆ ಬಿಡಬೇಕು. ಆಚೆ ಸತ್ತವರು ಆಚೆಯವರ ಲೆಕ್ಕಕ್ಕೆ. ಆದರೆ ಮಾತಾಡಲು ಉಸಿರಿಲ್ಲದವರಲ್ಲಿ ಯಾರು ಯಾವ ಊರು? ಕೇಳುವುದಕ್ಕೆ ಹತ್ತಿರ ಹೋಗಬೇಕು, ಹತ್ತಿರ ಹೋದರೆ ಜ್ವರ ಹತ್ತೀತು. ನೀವು ಪ್ಲಾಟ್‌ಫಾರ್ಮಿನ ಮೇಲೆ ಮೂಗಿಗೆ ಕರವಸ್ತ್ರ ಹಿಡಿದು ನಿಂತು ಹುಕುಂ ಕೊಟ್ಟಿರಿ, "ಅಂಗಾಲು ನೋಡಿ. ಕೆಂಪಗಿದ್ದರೆ ಗಾಡಿಗೆ, ಕಪ್ಪಗಿದ್ದರೆ ಇಲ್ಲೇ." ನಿಮ್ಮ ಜವಾನರು ಬೆತ್ತದ ತುದಿಯಿಂದ ಮನುಷ್ಯರ ಕಾಲು ಎತ್ತೆತ್ತಿ ನೋಡಿದರು. ಸಂತೆಯಲ್ಲಿ ಎತ್ತು ಕೊಳ್ಳುವವನು ಕೂಡ ಗೊರಸನ್ನು ಕೈಯಿಂದ ಮುಟ್ಟಿ ನೋಡುತ್ತಾನೆ. ಮಾನ್ಯರೇ, ಆ ಹೊತ್ತು ನಿಮ್ಮ ಜವಾನರ ಅಂಗಾಲುಗಳೇ ಯಾವ ಬಣ್ಣ ಇದ್ದವು, ನೋಡಿದಿರಾ? ಅವರೂ ಅದೇ ಅಂಗಳದಲ್ಲಿ ಬರಿಗಾಲಲ್ಲಿ ನಿಂತಿದ್ದರು.

ಗಾಡಿ ಹೊಡೆದವನು ಉಚ್ಚೆಂಗಪ್ಪ. ಅದಿರಿನ ಗಾಡಿಯವನು, ಬೇಡವೆಂದರೆ ಎತ್ತು ಕಿತ್ತುಕೊಳ್ಳುತ್ತೇವೆಂದು ಹೆದರಿಸಿ ಕರೆತಂದಿದ್ದಿರಿ. ಅವನು ಆಕೆಯ ಕೈಯ ರೊಟ್ಟಿ ಉಂಡವನು. ಆಕೆಯನ್ನು ಎತ್ತಿ ಹಾಕುವಾಗ, "ಈಕಿ ಗುಡ್ಡದಾಕಿ ಅಲ್ರೀ ಯಪ್ಪಾ, ಈಕಿ ನಮ್ಮೂರ ರೊಟ್ಟಿ ಚೆನ್ನಬಸಮ್ಮ, ಬೇಕಾದ್ರ ಯಾರನ್ನಾದ್ರೂ ಕೇಳ್ರಿ" ಎಂದು ಕೂಗಿದನಂತೆ. ಅದಕ್ಕೆ ನೀವು ಕೊಟ್ಟ ಉತ್ತರ ಅವನಿಗೆ ಇಂದಿಗೂ ಬಾಯಿಪಾಠ. "ಎಲ್ಲರೂ ಹಾಗೇ ಹೇಳುತ್ತಾರೆ." ಗಾಡಿಗಳು ಹೊರಟವು. ನೀವು ನಿಮ್ಮ ಮೇಲಿನ ಸಾಹೇಬರಿಗೆ ಖಾಲಿ ಷೆಡ್ಡು ತೋರಿಸಿ, ಹಂಪಿಗೆ ಕರೆದೊಯ್ದಿರಿ. ಅಲ್ಲಿ ಗುಡಿಯ ಕಲ್ಲುಕಂಬಗಳನ್ನು ತಟ್ಟಿ ತಟ್ಟಿ ಸ್ವರ ಕೇಳಿಸಿದಿರಂತೆ. ಕಲ್ಲಿನ ದನಿ ಕೇಳುವಷ್ಟು ಸೂಕ್ಷ್ಮ ಕಿವಿ ನಿಮ್ಮದು. ಮನುಷ್ಯ ಕೆಮ್ಮಿದರೆ ಮಾತ್ರ ಕೇಳುವುದಿಲ್ಲ.

ಇನ್ನು ಗಡಿಯ ವಿಷಯ. ಸಂಡೂರಿನ ಘಾಟಿ ಏರುವ ಮುಂಚೆ ಗಡಿಕಲ್ಲು ಇದೆ, ಪಕ್ಕದಲ್ಲಿ ಒಂದು ಬೇವಿನ ಮರ. ಆಚೆಯವರು ಮುಳ್ಳು ಕಡಿದು ಬೇಲಿ ಹಾಕಿದ್ದರು. ನಾನು ಅವರನ್ನು ದೂರುವುದಿಲ್ಲ. ಹೊರೆ ಹೊರೆ ಸಾವು ತಂದು ಬಾಗಿಲಿಗೆ ಸುರಿದರೆ ಯಾರು ತಾನೇ ಬಾಗಿಲು ತೆಗೆದಾರು? ಈಚೆ ತಿರುಗಿ ಬಾರದಂತೆ ನಿಮ್ಮ ಪೇದೆ ದೊಣ್ಣೆ ಹಿಡಿದು ನಿಂತ. ಎರಡರ ನಡುವೆ ಇಷ್ಟಗಲ ಜಾಗ. ಅಲ್ಲಿ ನನ್ನ ಅಕ್ಕ, ಗುಡ್ಡದ ಕೂಲಿಗಳು, ಮತ್ತೆ ಒಬ್ಬಳು ದೇವತೆ.

ದೇವತೆಯ ಸಂಗತಿ ನಿಮಗೆ ಚೆನ್ನಾಗಿ ಗೊತ್ತು. ಊರಿನವರಲ್ಲದ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಬೇನೆ ಬಂದರೆ ಅಮ್ಮನನ್ನು ಗಡಿ ದಾಟಿಸುತ್ತಾರೆ. ಬೇವಿನ ಕಟ್ಟಿಗೆಯ ಗೊಂಬೆ ಮಾಡಿ, ಪುಟ್ಟ ಗಾಡಿಯಲ್ಲಿ ಕೂರಿಸಿ, ಸೀರೆ ಉಡಿಸಿ, ಉಡಿ ತುಂಬಿ, ಮೊಸರನ್ನ ಎಡೆ ಹಿಡಿದು, ಮುಂದಿನ ಊರಿನ ಗಡಿಗೆ ಎಳೆದು ಬಿಡುತ್ತಾರೆ. ಆ ಊರಿನವರು ಆಕೆಗೆ ತಮ್ಮ ಕೈಲಾದದ್ದು ಕೊಟ್ಟು ಅದರ ಮುಂದಿನ ಗಡಿಗೆ ಸಾಗಿಸಬೇಕು. ತಿರುಗಿ ತರುವಂತಿಲ್ಲ. ಈ ಸಲ ಮರಿಯಮ್ಮನಹಳ್ಳಿಯವರು ಹೊಸಪೇಟೆಯ ಗಡಿಗೆ ಬಿಟ್ಟರು, ಹೊಸಪೇಟೆಯವರು ಸಂಡೂರಿನ ಗಡಿಗೆ. ನೂರು ಜನ ಒಂದೇ ಹಗ್ಗ ಹಿಡಿದು ಎಳೆಯುತ್ತಾ ಒಬ್ಬರ ಮುಖಕ್ಕೊಬ್ಬರು ಕೆಮ್ಮುತ್ತಾ ಹೋದರು. ಗೊಂಬೆಯ ಜೊತೆ ಜ್ವರವೂ ಊರಿಂದೂರಿಗೆ ನಡೆಯಿತೆಂದರೆ ನಾನು ಇಲ್ಲವೆನ್ನುವುದಿಲ್ಲ. ನಮ್ಮ ಜನ ಭಯದಲ್ಲಿ ಮಾಡಿದ ತಪ್ಪು ಅದು. ನೀವು ಡಂಗುರ ಹೊಡೆಸಿದಿರಿ, ಇದು ಮೂಢರ ಆಚಾರ, ತಮ್ಮ ಪೀಡೆಯನ್ನು ಪಕ್ಕದವನ ಬಾಗಿಲಿಗೆ ಹಾಕುವ ನೀಚತನ, ಇನ್ನು ಗಾಡಿ ಎಳೆದವರಿಗೆ ಸೆರೆಮನೆ ಎಂದು. ಪೂಜಾರಿ ಜಡೆಪ್ಪನನ್ನು ಹಿಡಿದು ಕೂಡಿಸಿದಿರಿ. ಅಮ್ಮ ಗಡಿಯಲ್ಲೇ ಉಳಿದಳು.

ಆಹಾ, ಎಂಥ ಮಾತು! ತಮ್ಮ ಪೀಡೆಯನ್ನು ಪಕ್ಕದವನ ಬಾಗಿಲಿಗೆ ಹಾಕುವ ನೀಚತನ! ಇದೇ ಮಾತನ್ನು ತಮಟೆಯವನ ಬಾಯಲ್ಲಿ ಹೇಳಿಸಿದ ವಾರದಲ್ಲೇ ನೀವು ಅದೇ ಗಡಿಗೆ ಗಾಡಿ ಕಳಿಸಿದಿರಿ. ನಾವು ಕಟ್ಟಿಗೆಯ ಗೊಂಬೆ ಕಳಿಸಿದೆವು, ಸೀರೆ ಉಡಿಸಿ, ಉಡಿ ತುಂಬಿ, ಅನ್ನ ಕೊಟ್ಟು, ಕೈ ಮುಗಿದು ಕಳಿಸಿದೆವು. ನೀವು ಉಸಿರಾಡುವ ಮನುಷ್ಯರನ್ನು ಕಳಿಸಿದಿರಿ, ಒಂದು ಕೊಡ ನೀರೂ ಇಡಲಿಲ್ಲ. ಹೇಳಿ ನೋಡೋಣ, ನಮ್ಮಿಬ್ಬರಲ್ಲಿ ಮೂಢರು ಯಾರು? ಪೂಜಾರಿ ಜಡೆಪ್ಪ ಕಂಬಿಯ ಹಿಂದೆ ಕೂತ, ಅದೇ ಕೆಲಸ ಮಾಡಿದ ಇನ್ನೊಬ್ಬ ಪೂಜಾರಿ ಕುರ್ಚಿಯ ಮೇಲೆ ಕೂತ.

ಗಡಿಯಲ್ಲಿ ಆದದ್ದನ್ನು ಉಚ್ಚೆಂಗಪ್ಪನ ಬಾಯಿಂದಲೇ ಕೇಳಿ. "ಅಕ್ಕಾರು ಗಾಡಿ ಇಳದು ಅಮ್ಮನ ಮುಂದ ಕುಂತು ಕೈ ಮುಗುದ್ರು. ಆಮ್ಯಾಲೆ ಅಮ್ಮನ ಎಡಿ ಬುಟ್ಟಿಗೇ ಕೈ ಹಾಕಿದ್ರು ನೋಡ್ರಿ. 'ಯವ್ವಾ, ಗಡಿ ಎಡಿ ಮುಟ್ಟಬ್ಯಾಡ್ರಿ, ವಂಶ ಉಳಿಯಂಗಿಲ್ಲ' ಅಂದೆ. ಆ ಜ್ವರದಾಗೂ ನಕ್ರು. 'ಲೇ ಉಚ್ಚೆಂಗಿ, ನಂದ್ಯಾವ ವಂಶ ಐತಿ ಉಳಿಯಾಕ? ಆಕೀನ್ನೂ ಹೊರಗ ಹಾಕ್ಯಾರ, ನಮ್ಮನ್ನೂ ಹೊರಗ ಹಾಕ್ಯಾರ. ಹಂಚ್ಕೊಂಡು ಉಂಡ್ರ ಆಕಿ ಯಾಕ ಸಿಟ್ಟಾಗ್ತಾಳ? ಸಿಟ್ಟಾದ್ರ ನಾ ನೋಡ್ಕೋತೀನಿ, ಮೊದ್ಲು ಇವ್ರು ಉಣ್ಲಿ' ಅಂದ್ರು. ಕೊಬ್ಬರಿ, ಬೆಲ್ಲ, ಚುರುಮುರಿ, ಇದ್ದದ್ದೆಲ್ಲ ಹಂಚಿದ್ರು. ಅಮ್ಮನ ಮೈಮ್ಯಾಲೆ ಹಸರು ಸೀರಿ ಇತ್ತು, ಜರಿ ಅಂಚಿಂದು. ಅದನ್ನ ಬಿಚ್ಚಿ, ಚಳಿಗೆ ಹಲ್ಲು ಕಡಿಯೋ ಆ ಹಂಪಮ್ಮಗ ಹೊದಿಸಿದ್ರು."

ಹಂಪಮ್ಮ ಅದಿರು ಹೊರುವ ಹೆಂಗಸು. ಆಕೆ ಬದುಕಿದಳು. ಬೇಲಿಯ ಆಚೆಯವನೊಬ್ಬ ನೀರು ಕೊಟ್ಟ, ಕಡೆಗೆ ಮುಳ್ಳು ಸರಿಸಿ ಉಳಿದವರನ್ನು ಒಳಗೂ ಬಿಟ್ಟ. ಅಷ್ಟರಲ್ಲಿ ನನ್ನ ಅಕ್ಕ ಹೋಗಿಬಿಟ್ಟಿದ್ದಳು. ಸುದ್ದಿ ಮುಟ್ಟಿ ನಾನು ಗೋಡೆ ಹಿಡಿದು ಎದ್ದು, ಗಾಡಿಯಲ್ಲಿ ಮಲಗಿಕೊಂಡೇ ಕಂಪ್ಲಿಯಿಂದ ಬಂದೆ. ಮಟಮಟ ಮಧ್ಯಾಹ್ನ. ಗಡಿಕಲ್ಲಿಗೆ ಒರಗಿ ಕೂತಿದ್ದಳು, ಅಂಗೈಯಲ್ಲಿ ಲಿಂಗ ಇತ್ತು, ಮುಖ ಹೊಸಪೇಟೆಯ ದಾರಿಯ ಕಡೆಗೆ. ನಾನು ಬರುತ್ತೇನೆಂದು ಕಾದು ಕೂತಂತೆ ಇದ್ದಳು ನನ್ನವ್ವ. ಕಾಲು ಚಾಚಿದ್ದಳು. ಅಂಗಾಲು ಕೆಂಪಗಿದ್ದವು.

ನಾನು ಆ ಕಾಲು ಹಿಡಿದು ಅತ್ತೆ, ಮಾನ್ಯರೇ. ಗಂಡಸು ಬಯಲಲ್ಲಿ ನಿಂತು ಹಾಗೆ ಅಳಬಾರದೆನ್ನುತ್ತಾರೆ, ಅತ್ತೆ. ಗಾಡಿಯಲ್ಲಿಟ್ಟು ತರಲು ಹೋದರೆ ನಿಮ್ಮ ಪೇದೆ ದೊಣ್ಣೆ ಅಡ್ಡ ಹಿಡಿದ. "ಹುಕುಂ ಇಲ್ರೀ, ಈ ಕಡಿಗೆ ಹೆಣ ಬಿಟ್ರ ನನ್ನ ಕೆಲ್ಸ ಹೋಗ್ತೈತಿ" ಎಂದ. ಅವನ ಕಣ್ಣಲ್ಲೂ ನೀರಿತ್ತು, ಅವನನ್ನು ಬಿಟ್ಟಿದ್ದೇನೆ. ನಾನೂ ಉಚ್ಚೆಂಗಪ್ಪನೂ ಅಲ್ಲೇ ಬೇವಿನ ಮರದ ಬುಡದಲ್ಲಿ ಕೈಯಿಂದ, ಕೋಲಿನಿಂದ ಕೆದರಿ, ಆಕೆಯನ್ನು ಕೂರಿಸಿ, ಕಲ್ಲು ಮಣ್ಣು ಮುಚ್ಚಿ ಬಂದೆವು. ಅಯ್ಯನವರಿಲ್ಲ, ವಿಭೂತಿಯಿಲ್ಲ, ಒಂದು ಬಿಲ್ವಪತ್ರೆಯಿಲ್ಲ. ಕಂಪ್ಲಿಗೆ ಬಂದು ಮಠದ ಅಯ್ಯನವರ ಮುಂದೆ ಬಿದ್ದಾಗ ಅವರು ಹೇಳಿದರು, "ಶಾಸ್ತ್ರ ಆಗದ ಮಣ್ಣು ಮಣ್ಣಲ್ಲಪ್ಪಾ ತೋಟಪ್ಪ. ಆಕೀನ ಊರಿಗೆ ತಗೊಂಬಾ, ಗಂಡನ ಮಗ್ಗಲಾಗ ಕುಂದ್ರಸೋಣು. ನಾನಽ ಬರ್ತೀನಿ."

ಅದಕ್ಕಾಗಿ ನಿಮ್ಮ ಕಚೇರಿಗೆ ಬಂದದ್ದು. ನೆನಪಿದೆಯೇ? ನಿಮಗೆ ಮರೆತಿದ್ದರೆ ನಾನು ಜ್ಞಾಪಿಸುತ್ತೇನೆ, ನನಗೆ ಅಕ್ಷರವೂ ಮರೆತಿಲ್ಲ. ಆಕೆ ಹೊಸಪೇಟೆಯವಳೆನ್ನಲು ಏನು ಆಧಾರ ಎಂದಿರಿ. ನಾನೇ, ಒಡಹುಟ್ಟಿದ ತಮ್ಮ, ಎಂದೆ. ನೀನು ಕಂಪ್ಲಿಯವನಲ್ಲವೇ ಎಂದಿರಿ. ಆಕೆಯ ಅಂಗಡಿ ಇದೆ, ಬಂದು ನೋಡಿ ಎಂದೆ. ಅದನ್ನು ಸೋಂಕಿನ ಕಾರಣಕ್ಕೆ ಸುಡಿಸಿದ್ದೇವೆ ಎಂದಿರಿ. ಹಾಗಾದರೆ ಬೀದಿಯ ಜನರನ್ನು ಕೇಳಿ ಎಂದೆ. ಜನ ಭಾವುಕರು, ಅವರ ಮಾತು ನಡೆಯದು, ಕಾಲು ಕೆಂಪಗಿದ್ದವೆಂದು ಜವಾನರು ಹೇಳಿದ್ದಾರೆ ಎಂದಿರಿ. ನಾನು ಕೈ ಮುಗಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಿಮ್ಮ ಬೂಟಿನ ಹತ್ತಿರ ಹಣೆ ಇಟ್ಟೆ. ಆಗ ನೀವು ಒಂದು ಮಾತು ಹೇಳಿದಿರಿ. "ಒಮ್ಮೆ ಗಡಿ ದಾಟಿಸಿದವರನ್ನು ತಿರುಗಿ ತರುವ ಪದ್ಧತಿಯಿಲ್ಲ."

ಎಲ್ಲಿಯ ಪದ್ಧತಿ ಇದು? ಯಾವ ಕಾನೂನು ಪುಸ್ತಕದಲ್ಲಿದೆ? ಮದರಾಸಿನಲ್ಲಿ ಬರೆದದ್ದೇ, ವಿಲಾಯಿತಿಯಲ್ಲಿ ಬರೆದದ್ದೇ? ಇದು ನಮ್ಮ ಪೂಜಾರಿ ಜಡೆಪ್ಪನ ಕಾನೂನು. ಅಮ್ಮನಿಗೆ ಹೇಳುವ ಮಾತು. ಅಷ್ಟು ಇಂಗ್ಲಿಷು ಓದಿದ ಬಾಯಿಗೆ ಆ ಮಾತು ಹೇಗೆ ಬಂತೆಂದು ಮೆಟ್ಟಿಲು ಇಳಿಯುತ್ತಾ ಯೋಚಿಸಿದೆ. ಉತ್ತರ ನಿಮ್ಮ ಬಂಗ್ಲೆಯ ಹಿತ್ತಲ ಬಾಗಿಲಿನಿಂದ ಬಂತು.

ನಿಮ್ಮ ಮನೆಯಲ್ಲಿ ಕಸ ಮುಸುರೆ ಮಾಡುತ್ತಿದ್ದ ದುರುಗವ್ವ ಕಳೆದ ತಿಂಗಳು ನಿಮ್ಮ ಚಾಕರಿ ಬಿಟ್ಟಳಲ್ಲ, ಕಾರಣ ಕೇಳಿದಿರಾ? ಹಂಪಮ್ಮ ಆ ಹಸಿರು ಸೀರೆಯನ್ನು ಒಗೆದು ಮಡಿಸಿ ನನಗೆ ತಂದು ಕೊಡಲು ಬಂದಿದ್ದಳು, "ಇದು ಅಕ್ಕಾರು ಹೊದಿಸಿದ್ದು, ನಾ ಇಟ್ಕಳಂಗಿಲ್ರೀ" ಎಂದು. ಟೇಶನ್ನಿನ ಬೀದಿಯಲ್ಲಿ ಅದನ್ನು ಕಂಡು ದುರುಗವ್ವ ಅಲ್ಲೇ ಕುಕ್ಕರಿಸಿ ಕೂತಳು. ಆಕೆಗೆ ಆ ಜರಿಯಂಚು ಗೊತ್ತಿತ್ತು. "ಇದನ್ನ ನಾನಽ ಒಯ್ದು ಅಮ್ಮಗ ಉಡಿಸಿದ್ದು. ಸಾಹೇಬ್ರು ತಾವಽ ಕೈಯಾರೆ ಕೊಟ್ರು. ಮನಿ ಅಮ್ಮಾರಿಗೆ ಜ್ವರ ಬಂದಿತ್ತು. 'ದುರುಗವ್ವಾ, ಯಾರಿಗೂ ಹೇಳಬೇಡ, ಅಮ್ಮ ನಮ್ಮ ಮನೆ ದಾಟಿ ಹೋಗಲಿ ಅಂತ ಬೇಡಿಕೊಂಡು ಬಾ' ಅಂದ್ರು. ಕಣ್ಣಾಗ ನೀರು ಇತ್ತು ರೀ ಅವ್ರಿಗೆ."

ಹೌದೇ, ಸಾಹೇಬರೇ? ಹಗಲು ತಮಟೆ ಹೊಡೆಸಿ ಅಮ್ಮನನ್ನು ಬೈದು, ಹಿತ್ತಲಿನಿಂದ ಅದೇ ಅಮ್ಮನಿಗೆ ಜರಿ ಸೀರೆ? ನಾನು ಇದಕ್ಕೆ ನಗುವುದಿಲ್ಲ. ಹೆಂಡತಿಯ ಮೈ ಸುಡುವಾಗ ಯಾವ ಗಂಡಸಿಗೂ ಕಾನೂನು ಪುಸ್ತಕ ನೆನಪಾಗುವುದಿಲ್ಲ. ನಿಮ್ಮ ಹೆಂಡತಿ ಬದುಕಿದರು. ಇನ್ನೂ ನೂರು ವರ್ಷ ಬದುಕಲಿ, ಅವರ ಮೇಲೆ ನನಗೆ ಎಳ್ಳಷ್ಟು ದ್ವೇಷವಿಲ್ಲ. ಆದರೆ ಒಂದು ಕೇಳುತ್ತೇನೆ. ಅವರಿಗೂ ಅದೇ ಜ್ವರ ಬಂದಿತ್ತಲ್ಲ, ಅವರ ಅಂಗಾಲನ್ನು ಯಾರು ಬೆತ್ತದಿಂದ ಎತ್ತಿ ನೋಡಿದರು? ಅವರು ಯಾವ ಊರಿನವರು? ಹೊಸಪೇಟೆಯವರಂತೂ ಅಲ್ಲ. ಅವರಿಗೆ ಯಾಕೆ ಗಾಡಿ ಬರಲಿಲ್ಲ? ನೀವು ಅವರಿಗಾಗಿ ಬೇಡಿಕೊಂಡ ಕರುಣೆಯಲ್ಲಿ ಒಂದು ಹಿಡಿ, ಒಂದೇ ಒಂದು ಹಿಡಿ, ಆ ಷೆಡ್ಡಿಗೆ ಬಿದ್ದಿದ್ದರೆ ನನ್ನ ಅಕ್ಕ ತನ್ನ ಒಲೆಯ ಮುಂದೆ ಸಾಯುತ್ತಿದ್ದಳು. ಬಹುಶಃ ಸಾಯುತ್ತಲೂ ಇರಲಿಲ್ಲ. ನಿಮಗೆ ಭಯವೆಂದರೇನು ಗೊತ್ತಿತ್ತು, ಅದಕ್ಕೇ ನಿಮ್ಮನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ. ಗೊತ್ತಿಲ್ಲದವನು ಮಾಡಿದ್ದರೆ ಕಲ್ಲೆಂದು ಬಿಟ್ಟುಬಿಡುತ್ತಿದ್ದೆ.

ಆ ಸೀರೆ ನನ್ನ ಹತ್ತಿರ ಇದೆ. ನೀವು ಕೊಟ್ಟ ಸೀರೆಯಿಂದ ನೀವು ಕೊಲ್ಲಹೊರಟ ಒಬ್ಬ ಹೆಂಗಸು ಬದುಕಿದಳು. ಅದು ನಿಮ್ಮ ಪುಣ್ಯವಲ್ಲ, ಅದನ್ನು ಬಿಚ್ಚಿ ಹೊದಿಸಿದ ಕೈಯ ಪುಣ್ಯ. ಶಾಲು ಹೊದಿಸುವ ದೊಡ್ಡ ಮನುಷ್ಯರೇ, ನಿಮಗೂ ಒಂದು ಮಾತು. ಊರೊಳಗೆ ಜ್ವರ ಬೇಗ ಇಳಿಯಿತೆಂದು ಹಿಗ್ಗುತ್ತಿದ್ದೀರಿ. ನಿಮ್ಮ ಮನೆಗಳಲ್ಲಿ ಸತ್ತವರಿಗೆ ಮಣ್ಣಾದರೂ ಸಿಕ್ಕಿತು, ಬೆಂಕಿಯಾದರೂ ಸಿಕ್ಕಿತು. ನಿಮ್ಮ ಹಾರದ ಹೂವಿಗೆ ಬೇವಿನ ಮರದ ಬುಡದ ವಾಸನೆ ಇರುತ್ತದೆ, ಮೂಸಿ ನೋಡಿ.

ಈಗ ನನ್ನ ಬೇಡಿಕೆ. ದುಡ್ಡು ಬೇಡ, ಪರಿಹಾರ ಬೇಡ, ಸುಟ್ಟ ಅಂಗಡಿಯ ತಗಡೂ ಬೇಡ. ಸಮಾರಂಭದ ದಿನ ಮುಂಜಾನೆ ನೀವು ಟೇಶನ್ನಿನ ಅಂಗಳಕ್ಕೆ ಬರಬೇಕು. ಅಲ್ಲಿ ಬೂಟು ಕಳಚಬೇಕು, ಕಾಲುಚೀಲವನ್ನೂ. ಅಲ್ಲಿಂದ ಗಡಿಕಲ್ಲಿನವರೆಗೆ, ಉಚ್ಚೆಂಗಪ್ಪನ ಗಾಡಿಯ ಹಿಂದೆ, ಅದಿರಿನ ಗಾಡಿಗಳು ನಡೆಯುವ ದಾರಿಯಲ್ಲೇ ಬರಿಗಾಲಲ್ಲಿ ನಡೆಯಬೇಕು. ಬಿಸಿಲಿರುತ್ತದೆ, ಕಲ್ಲಿರುತ್ತವೆ, ಕಾಲು ಒಡೆಯುತ್ತವೆ. ಒಡೆಯಲಿ. ಬೇವಿನ ಮರದ ಕೆಳಗೆ ನಿಂತು, ಕೇಳುವಂತೆ ಹೇಳಬೇಕು, "ಈಕೆ ಹೊಸಪೇಟೆಯ ಚೆನ್ನಬಸಮ್ಮ. ಈಕೆಯನ್ನು ಹೊರಗೆ ಹಾಕಿದವನು ನಾನು." ಮೊದಲ ಕಲ್ಲನ್ನು ನಿಮ್ಮ ಕೈಯಿಂದಲೇ ಎತ್ತಬೇಕು. ಆಮೇಲೆ ಆಕೆಯ ಗಾಡಿಯ ಮುಂದೆ ನಡೆದು ಊರಿಗೆ ಬರಬೇಕು, ಆಕೆಯ ಗಂಡನ ಮಗ್ಗುಲಿನ ತನಕ. ಅಯ್ಯನವರು ಅಲ್ಲಿ ಕಾದಿರುತ್ತಾರೆ. ಅದೆಲ್ಲ ಮುಗಿದ ಮೇಲೆ ಶಾಲು ಬೇಕೆನ್ನಿಸಿದರೆ ಹೊದ್ದುಕೊಳ್ಳಿ, ನಾನು ಅಡ್ಡ ಬರುವುದಿಲ್ಲ.

ಬರದಿದ್ದರೆ? ಕಲ್ಲೆಸೆಯುವುದಿಲ್ಲ, ಹೆದರಬೇಡಿ. ಗಡಿಯಲ್ಲಿ ಅಮ್ಮ ಇನ್ನೂ ಇದ್ದಾಳೆ, ಮೈಮೇಲೆ ಬಟ್ಟೆಯಿಲ್ಲದೆ. ಆ ಹಸಿರು ಸೀರೆಯನ್ನು ಆಕೆಗೆ ತಿರುಗಿ ಉಡಿಸಿ, ಅದೇ ಪುಟ್ಟ ಗಾಡಿಯಲ್ಲಿ ನಿಮ್ಮ ಬಂಗ್ಲೆಯ ಬಾಗಿಲಿಗೆ ಎಳೆದು ತರುತ್ತೇವೆ. ಹಗ್ಗ ಹಿಡಿಯಲು ಜನ ನಾ ಮುಂದು ತಾ ಮುಂದು ಎನ್ನುತ್ತಿದ್ದಾರೆ. ತಿರುಗಿ ತರಬಾರದೆಂಬುದನ್ನು ಈ ಒಂದು ಸಲ ನಾವು ಮುರಿಯುತ್ತೇವೆ, ನೀವು ಮಾತ್ರ ಬಂದ ದಾರಿಗೆ ಆಕೆಯನ್ನು ಹೊರಳಿಸುವಂತಿಲ್ಲ, ಪದ್ಧತಿ ನಿಮಗೇ ಗೊತ್ತು. ಶಾಲು ಹೊದ್ದು ಮನೆಗೆ ಬರುವ ಹೊತ್ತಿಗೆ ನಿಮ್ಮದೇ ಮನೆಯ ಸೀರೆ ಉಟ್ಟು ಬಾಗಿಲಲ್ಲಿ ಕೂತಿರುತ್ತಾಳೆ. ಆಗ ನಿಮ್ಮ ತಮಟೆಯವನನ್ನು ಕರೆಸಿ ಏನು ಕೂಗಿಸುತ್ತೀರೋ ಕೂಗಿಸಿ.

ಆ ದಿನ ಸಂಜೆ ನಾವೆಲ್ಲ ಊರ ಅಗಸೆಬಾಗಿಲಲ್ಲಿ ನಿಂತಿರುತ್ತೇವೆ. ನಾನು, ಹಂಪಮ್ಮ, ದುರುಗವ್ವ, ಆಕೆಯ ಕೈಯ ರೊಟ್ಟಿ ಉಂಡವರೆಲ್ಲ. ನೀವು ಬಂದಾಗ ಹೆಸರು ಕೇಳುವುದಿಲ್ಲ, ಹುದ್ದೆ ಕೇಳುವುದಿಲ್ಲ. ಈ ಊರಿನವನೆಂದು ನೀವು ಹೇಳಿಕೊಂಡರೆ, ಎಲ್ಲರೂ ಹಾಗೇ ಹೇಳುತ್ತಾರೆ. ಕಾಲು ಎತ್ತಿ ಎನ್ನುತ್ತೇವೆ. ಕೆಂಪಗಿದ್ದರೆ ಒಳಗೆ ಬನ್ನಿ. ಬೆಳ್ಳಗಿದ್ದರೆ ಗಾಡಿ ಸಿದ್ಧವಿದೆ.

ಇಂತಿ,
ಇಷ್ಟು ದಿನ ತಮ್ಮ ವಿಧೇಯನಾಗಿದ್ದು, ಈಗ ಒಬ್ಬ ಅಕ್ಕನಿಗೆ ಮಾತ್ರ ವಿಧೇಯನಾಗಿರುವ,
ಗಡಿಕಲ್ಲಿಗೆ ನಡೆದು ನಡೆದು ಅಂಗಾಲು ಕೆಂಪು ಮಾಡಿಕೊಂಡ
ತೋಟಪ್ಪ,
ಅಕ್ಕಿ ಅಂಗಡಿ, ಕಂಪ್ಲಿ